ಪಾಳಿಪಟ್ಟಿಯ ಲೆಕ್ಕಕ್ಕೆ ಸಿಗದ ಗಂಟೆಗಳು

ನವಲಗುಂದ, ಕುಂದಗೋಳ, ಕಲಘಟಗಿ ಅಥವಾ ಅಣ್ಣಿಗೇರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೀವು ಪಾಠ ಹೇಳುವವರಾದರೆ 'ವಸ್ತಿ ಬಸ್' ನಿಮಗೆ ಹೊಸದಲ್ಲ. ರಾತ್ರಿ ಊರಿಗೆ ಬಂದು ತಂಗಿ, ನಸುಕಿನಲ್ಲಿ ಮತ್ತೆ ಹೊರಡುವ ಬಸ್ಸದು. ಹುಬ್ಬಳ್ಳಿ-ಧಾರವಾಡದ ಕಾಲೇಜಿಗೆ ಹೋಗುವ ಮಕ್ಕಳು, ಕೆಲಸಕ್ಕೆ ಹೋಗುವವರು, ಕಾಯಿಪಲ್ಯದ ಗಂಟು ಹೊತ್ತವರು ಅದನ್ನೇ ಕಾಯುತ್ತಾರೆ. ಹತ್ತು ನಿಮಿಷ ತಡವಾದರೆ ನಾವೆಲ್ಲ ಗಡಿಯಾರ ನೋಡಿ ಗೊಣಗುತ್ತೇವೆ. ಆದರೆ ಚಾಲಕ ಮತ್ತು ನಿರ್ವಾಹಕ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದ್ದರೆಂದು ನಾವು ಕೇಳುವುದಿಲ್ಲ. ಪಾಳಿಪಟ್ಟಿಯಲ್ಲೂ ಅದಕ್ಕೊಂದು ಅಂಕಣವಿರುವುದು ಅಪರೂಪ. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ.

ಬಸ್ಸು ಮೊದಲು, ಮನುಷ್ಯ ಆಮೇಲೆ

ಈ ಭಾಗದ ಗ್ರಾಮೀಣ ಸಾರಿಗೆಯ ಹೊಣೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. 1997ರ ನವೆಂಬರ್ 1ರಂದು ಪ್ರತ್ಯೇಕಗೊಂಡ ಈ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಒಂದು ಬಸ್ಸು ಯಾವ ಹೊತ್ತಿಗೆ ಎಲ್ಲಿಂದ ಹೊರಟು ಎಲ್ಲಿಗೆ ತಲುಪಬೇಕು, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು ಎಂಬುದನ್ನು ನಮೂದಿಸುವ ಹಾಳೆಯನ್ನು ರಾಜ್ಯದ ಸಾರಿಗೆ ನಿಗಮಗಳಲ್ಲಿ 'ಫಾರಂ-4' ಎನ್ನುತ್ತಾರೆ. ಸಾರಿಗೆ ಉದ್ಯಮದಲ್ಲಿ ನಡೆದುಬಂದ ರೂಢಿಯೆಂದರೆ, ಮೊದಲು ಬಸ್ಸಿನ ದಿನಚರಿ ಸಿದ್ಧಪಡಿಸುವುದು, ಆಮೇಲೆ ಅದಕ್ಕೆ ಸಿಬ್ಬಂದಿಯನ್ನು ಜೋಡಿಸುವುದು. ಹೀಗೆ ಮಾಡಿದಾಗ ಬಸ್ಸು ಬಿಡುವಿಲ್ಲದೆ ಓಡುತ್ತದೆ. ಮನುಷ್ಯನ ಬಿಡುವು ಮಾತ್ರ ಅಳಿದುಳಿದ ಹೊತ್ತಿಗೆ ಬೀಳುತ್ತದೆ.

ಇದಕ್ಕೆ ಮಿತಿ ಇರಲೆಂದೇ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕೆಲವು ಅಂಕಿಗಳನ್ನು ನಿಗದಿಪಡಿಸಿತ್ತು. ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. 5 ಗಂಟೆ ದುಡಿಯುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಬಿಡುವೂ ಸೇರಿ ಕೆಲಸದ ಮೊದಲಿನಿಂದ ಕೊನೆಯವರೆಗಿನ ಒಟ್ಟು ಹರವು 12 ಗಂಟೆ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 9 ಗಂಟೆ ಸತತ ವಿಶ್ರಾಂತಿ. ಈ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ವಿಲೀನವಾಗಿದೆ. ಆದರೂ ಆ ಅಂಕಿಗಳು ವಿವೇಕದ ಅಳತೆಗೋಲುಗಳಾಗಿ ನಮಗೆ ಉಪಯುಕ್ತ. ವಸ್ತಿ ಬಸ್ಸು ರಾತ್ರಿ 9.30ಕ್ಕೆ ಊರು ಸೇರಿ ಬೆಳಗಿನ 5.30ಕ್ಕೆ ಹೊರಡುತ್ತದೆ ಎನ್ನಿ. ನಡುವೆ ಸಿಗುವುದು 8 ಗಂಟೆ. ಊಟ, ಸ್ನಾನ, ಲೆಕ್ಕ ಒಪ್ಪಿಸುವ ಕೆಲಸ ಕಳೆದರೆ ನಿದ್ದೆಗೆ ಉಳಿಯುವುದೆಷ್ಟು? ನೀವೇ ಎಣಿಸಿ.

ಒಂದು ಚಿಕ್ಕ ಲೆಕ್ಕ

ಈಗ ಕಾಲ್ಪನಿಕ ಘಟಕವೊಂದನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ 6ರಿಂದ 10 ಮತ್ತು ಸಂಜೆ 4ರಿಂದ 8ರವರೆಗೆ ಅಲ್ಲಿ 10 ಬಸ್ಸುಗಳು ಬೇಕು. ನಡುವಿನ 6 ಗಂಟೆ 4 ಬಸ್ಸು ಸಾಕು. ಒಂದು ಬಸ್ಸಿನ ಚಾಲಕ-ನಿರ್ವಾಹಕರನ್ನು ಒಂದು ಜೋಡಿ ಎಂದು ಕರೆಯೋಣ. ಒಟ್ಟು ಕೆಲಸ 40 + 24 + 40 = 104 ಬಸ್-ಗಂಟೆ. ಇದನ್ನು 8ರಿಂದ ಭಾಗಿಸಿದರೆ 13 ಜೋಡಿ. ಕಡತ ನೋಡುವವರಿಗೆ ಈ 13 ಬಹಳ ಹಿಡಿಸುವ ಸಂಖ್ಯೆ. ವಾಸ್ತವದಲ್ಲಿ 14 ಜೋಡಿ ಬೇಕಾದೀತು. 10 ಜೋಡಿಗಳಿಗೆ ಬೆಳಿಗ್ಗೆ 4 ಗಂಟೆ, ಸಂಜೆ 4 ಗಂಟೆ. ಉಳಿದ 4 ಜೋಡಿಗಳಿಗೆ ನಡುಹಗಲು. ಯಾರೂ 8 ಗಂಟೆ ಮೀರಿ ದುಡಿಯಲಿಲ್ಲ.

ಆದರೆ ಆ 10 ಜೋಡಿಗಳ ದಿನವನ್ನು ಗಮನಿಸಿ. ಬೆಳಿಗ್ಗೆ 6ಕ್ಕೆ ಬಂದವರು ರಾತ್ರಿ 8ಕ್ಕೆ ಬಿಡುಗಡೆ ಹೊಂದುತ್ತಾರೆ. ಹರವು 14 ಗಂಟೆ. ಅದು 12ನ್ನು ಮೀರಬಾರದು ಎಂದು ಷರತ್ತು ಹಾಕಿದರೆ ಏನಾಗುತ್ತದೆ? ಬೆಳಿಗ್ಗೆ 6ಕ್ಕೆ ಕೆಲಸ ಶುರುಮಾಡಿದ 10 ಜೋಡಿಗಳಲ್ಲಿ ಒಂದೂ ರಾತ್ರಿ 8ರಲ್ಲಿ ಇರುವಂತಿಲ್ಲ. ಅಂದರೆ ರಾತ್ರಿಯ 10 ಜೋಡಿಗಳು ಬೇರೆಯವರೇ ಆಗಬೇಕು. ಎಷ್ಟೇ ಜಾಣತನದಿಂದ ಜೋಡಿಸಿದರೂ 20ಕ್ಕಿಂತ ಕಡಿಮೆಯಾಗದು. 20 ಮತ್ತು 14ರ ನಡುವಿನ 6 ಜೋಡಿ, ಅಂದರೆ 12 ಉದ್ಯೋಗಿಗಳು, 'ಉಳಿತಾಯ'ವೆಂದು ಕಡತದಲ್ಲಿ ಕಾಣುತ್ತಾರೆ. ಆ ಉಳಿತಾಯವನ್ನು ತುಂಬಿಕೊಡುವವರು ನಡುಹಗಲು ಮನೆಗೂ ಹೋಗಲಾಗದೆ ನಿಲ್ದಾಣದಲ್ಲಿ ಕುಳಿತ ನೌಕರರು.

ಪಾಳಿ ಹಾಕುವುದು ಗಣಿತದ ಸಮಸ್ಯೆಯೆಂದು ತೋರಿಸಿದವರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಪ್ರಮುಖರು. ಸುಂಕದ ಕಟ್ಟೆಗಳ ಸಿಬ್ಬಂದಿಗೆ ಪಾಳಿ ಗೊತ್ತುಪಡಿಸುವುದನ್ನು ಅವರು 1954ರಲ್ಲಿ ರೇಖೀಯ ಸಮೀಕರಣಗಳ ರೂಪದಲ್ಲಿ ಬರೆದರು. ಇಂದಿನ ಗಣಕ ತಂತ್ರಾಂಶಗಳೂ ಈ ದಾರಿಯಲ್ಲೇ ಸಾಗುತ್ತವೆ. ಆದರೆ ಗಣಕವು ನಾವು ಕೊಟ್ಟ ಷರತ್ತುಗಳನ್ನಷ್ಟೇ ಪಾಲಿಸುತ್ತದೆ. ಹರವಿನ ಷರತ್ತನ್ನು ಬರೆಯದಿದ್ದರೆ ಅದು ಕೊಡುವ ಉತ್ತರ 14. ಆದ್ದರಿಂದ 'ಗಣಕೀಕೃತ ಪಾಳಿಪಟ್ಟಿ' ಎಂದ ಮಾತ್ರಕ್ಕೆ ಅದು ವೈಜ್ಞಾನಿಕವಾಗಿಬಿಡುವುದಿಲ್ಲ.

ದೇಹದ ಗಡಿಯಾರ

ಈ ಷರತ್ತುಗಳು ಕೇವಲ ಕರುಣೆಯಿಂದ ಹುಟ್ಟಿದವಲ್ಲ. ನಮ್ಮ ದೇಹದೊಳಗಿನ ಜೈವಿಕ ಗಡಿಯಾರದ ಆವರ್ತ 24 ಗಂಟೆಗಿಂತ ತುಸು ಹೆಚ್ಚು. ಅದರ ಅಣುಮಟ್ಟದ ಕಾರ್ಯವಿಧಾನವನ್ನು ನೊಣಗಳಲ್ಲಿ ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆವರ್ತ ತುಸು ಉದ್ದವಿರುವುದರಿಂದ ಮಲಗುವ ಹೊತ್ತನ್ನು ಮುಂದೂಡುವುದು ಸುಲಭ, ಹಿಂದಕ್ಕೆ ತರುವುದು ಕಷ್ಟ. ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಪಾಳಿ ಬದಲಾದರೆ ದೇಹ ಹೊಂದಿಕೊಳ್ಳುತ್ತದೆ; ಕ್ರಮ ತಿರುವುಮುರುವಾದರೆ ತೊಳಲುತ್ತದೆ. ಅಮೆರಿಕದ ಯೂಟಾ ರಾಜ್ಯದ ಪೊಟ್ಯಾಶ್ ಕಾರ್ಖಾನೆಯೊಂದರಲ್ಲಿ ಪಾಳಿಯ ದಿಕ್ಕನ್ನು ಹೀಗೆ ಮುಂದಕ್ಕೆ ತಿರುಗಿಸಿ, ಬದಲಾವಣೆಯ ಅವಧಿಯನ್ನು ಒಂದು ವಾರದಿಂದ ಮೂರು ವಾರಕ್ಕೆ ಹಿಗ್ಗಿಸಿದಾಗ ಕಾರ್ಮಿಕರ ಆರೋಗ್ಯ ಮತ್ತು ಉತ್ಪಾದನೆ ಎರಡೂ ಸುಧಾರಿಸಿದ್ದನ್ನು 1982ರಲ್ಲಿ ಪ್ರಕಟವಾದ ಅಧ್ಯಯನ ವರದಿ ಮಾಡಿತು.

ನಿದ್ದೆಗೆಟ್ಟರೆ ಆಗುವುದೇನು? 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರಾದ ಡಾಸನ್ ಮತ್ತು ರೀಡ್ ನಡೆಸಿದ ಪ್ರಯೋಗದಲ್ಲಿ, 17 ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇಕಡ 0.05 ಮದ್ಯಸಾರವಿದ್ದವರ ಮಟ್ಟಕ್ಕೆ ಇಳಿದಿತ್ತು. ನಸುಕಿನ 4ಕ್ಕೆ ಎದ್ದ ಚಾಲಕನಿಗೆ ರಾತ್ರಿ 9ಕ್ಕೆ 17 ಗಂಟೆ ತುಂಬುತ್ತದೆ. ಕುಡಿದು ಬಸ್ಸು ಓಡಿಸಿದರೆ ನಾವು ಸಹಿಸುವುದಿಲ್ಲ. ನಿದ್ದೆಗೆಟ್ಟು ಓಡಿಸಲು ಹೇಳುವ ಪಾಳಿಪಟ್ಟಿಯನ್ನು ಮಾತ್ರ ಪ್ರಶ್ನಿಸುವುದಿಲ್ಲ. ಆ ಬಸ್ಸಿನಲ್ಲಿ ಕೂತಿರುವವರು ನಮ್ಮ ವಿದ್ಯಾರ್ಥಿಗಳು.

ಓಡುವ ಸಮಯದ ಲೆಕ್ಕದಲ್ಲೂ ಇಂಥದೇ ತಪ್ಪು ನುಸುಳಬಹುದು. ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ತುಂಬಿ ಹರಿದಾಗ ನವಲಗುಂದದ ಕಡೆಯ ದಾರಿಗಳು ಬೇಸಿಗೆಯ ದಾರಿಗಳಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸಿನಲ್ಲಿ ಮಹಿಳಾ ಪ್ರಯಾಣಿಕರು ಹೆಚ್ಚಿದರು. ದರವಿಲ್ಲದಿದ್ದರೂ ನಿರ್ವಾಹಕ ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೆಟ್ ಕೊಡಲೇಬೇಕು. ಹತ್ತಿಸಿ ಇಳಿಸುವ ಹೊತ್ತು ಬದಲಾದ ಮೇಲೂ ಹಳೆಯ ನಿಮಿಷಗಳನ್ನೇ ಇಟ್ಟುಕೊಂಡ ವೇಳಾಪಟ್ಟಿಯಲ್ಲಿ, ತಡವಾದ ಪ್ರತಿ ನಿಮಿಷವೂ ವಿಶ್ರಾಂತಿಯಿಂದಲೇ ಕಡಿತವಾಗುತ್ತದೆ.

ಶಾಲೆಯ ಗಂಟೆಯೂ ಒಂದು ಷರತ್ತು

ಹಾಗಾದರೆ ಹಣವಿಲ್ಲದ ಸಂಸ್ಥೆ 20 ಜೋಡಿಗಳನ್ನು ಎಲ್ಲಿಂದ ತರಬೇಕು? ಇದು ನ್ಯಾಯವಾದ ಪ್ರಶ್ನೆಯೇ. ನಮ್ಮ ಕಾಲ್ಪನಿಕ ಘಟಕಕ್ಕೆ ಮರಳೋಣ. ಶಾಲೆ, ಕಾಲೇಜು, ಕಚೇರಿಗಳ ವೇಳೆಯನ್ನು ಹೊಂದಿಸಿ ದಟ್ಟಣೆಯನ್ನು ಬೆಳಿಗ್ಗೆ 7ರಿಂದ 10, ಸಂಜೆ 4ರಿಂದ 7ಕ್ಕೆ ಇಳಿಸಲಾಯಿತು ಎನ್ನಿ. ಉಳಿದ ಹೊತ್ತಿನಲ್ಲಿ 4 ಬಸ್ಸು. ಈಗ 4 ಜೋಡಿ ಬೆಳಿಗ್ಗೆ 6ರಿಂದ ಮಧ್ಯಾಹ್ನ 1ರವರೆಗೆ, 4 ಜೋಡಿ 1ರಿಂದ ರಾತ್ರಿ 8ರವರೆಗೆ. ಉಳಿದ 6 ಜೋಡಿಗಳಿಗೆ 7ರಿಂದ 10 ಮತ್ತು 4ರಿಂದ 7. ಒಟ್ಟು 14 ಜೋಡಿ. ಯಾರ ಹರವೂ 12 ಗಂಟೆ ಮೀರುವುದಿಲ್ಲ! ಒಡೆದ ಪಾಳಿ ಒಬ್ಬರ ಪಾಲಿಗೇ ಬೀಳದಂತೆ ಸರದಿ ಇಟ್ಟರಾಯಿತು.

ದಿನದ ಎರಡು ತುದಿಗಳಲ್ಲಿ ಒಂದೊಂದು ಗಂಟೆ ಸರಿಸಿದ್ದರಿಂದ ಆದ ಲಾಭವಿದು. ಇದನ್ನು ಸಾರಿಗೆ ಘಟಕವೊಂದೇ ಮಾಡಲಾರದು. ಶಾಲೆ-ಕಾಲೇಜುಗಳು ಅದರೊಡನೆ ಕುಳಿತು ಮಾತಾಡಬೇಕು. ನಿಮ್ಮ ತರಗತಿಯಲ್ಲಿ ಇದನ್ನೊಂದು ಚಟುವಟಿಕೆಯಾಗಿ ಕೈಗೊಳ್ಳಬಹುದು. ನಿಮ್ಮೂರಿಗೆ ಬಂದುಹೋಗುವ ಬಸ್ಸುಗಳ ವೇಳೆಯನ್ನು ಒಂದು ವಾರ ಬರೆದಿಡಿ. ಗಂಟೆಗೊಂದರಂತೆ ಸ್ತಂಭಚಿತ್ರ ರಚಿಸಿ. ಕನಿಷ್ಠ ಎಷ್ಟು ಜೋಡಿ ಬೇಕೆಂದು ಎರಡು ಬಾರಿ ಲೆಕ್ಕಹಾಕಿ, ಒಮ್ಮೆ ಹರವಿನ ಷರತ್ತಿಲ್ಲದೆ, ಇನ್ನೊಮ್ಮೆ ಷರತ್ತಿನೊಂದಿಗೆ. ಎರಡು ಉತ್ತರಗಳ ವ್ಯತ್ಯಾಸವನ್ನು ಊರಿನ ಶಾಲಾಭಿವೃದ್ಧಿ ಸಮಿತಿಯ ಮುಂದಿಡಿ. ಬೆಳಗಿನ ಗಂಟೆಯನ್ನು ಅರ್ಧ ತಾಸು ಸರಿಸಬಹುದೇ ಎಂಬ ಚರ್ಚೆ ಅಲ್ಲಿಂದ ಆರಂಭವಾಗಲಿ.