ಆಧಾರಸ್ಥ ಪಲ್ಲೇಡಿಯಮ್ ಕಣಗಳೂ ‘ಹಸಿರು’ ಎಂಬ ಬಿರುದೂ

ಇಂಗಾಲದ ಪರಮಾಣುಗಳೆರಡನ್ನು ಪಲ್ಲೇಡಿಯಮ್ ಲೋಹದ ನೆರವಿನಿಂದ ಬೆಸೆಯುವ ಜೋಡಣೆಕ್ರಿಯೆಗಳಿಗಾಗಿ ಹೆಕ್, ನೆಗಿಶಿ, ಸುಜುಕಿ ಎಂಬ ಮೂವರು ವಿದ್ವಾಂಸರಿಗೆ 2010ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಈ ದುಬಾರಿ ಲೋಹವನ್ನು ನ್ಯಾನೋಕಣಗಳನ್ನಾಗಿ ಮಾಡಿ, ಇದ್ದಿಲು, ಸಿಲಿಕ, ಜೇಡಿ ಮೊದಲಾದ ಆಧಾರದ್ರವ್ಯಗಳ ಮೇಲೆ ನೆಲೆಗೊಳಿಸಿ, ಕ್ರಿಯೆ ಮುಗಿದೊಡನೆ ಸೋಸಿ ತೆಗೆದು ಮತ್ತೆ ಬಳಸುವ ಪ್ರಯತ್ನಗಳು ಈಗ ಹೇರಳವಾಗಿವೆ. ಇಂಥ ವೇಗವರ್ಧಕಗಳಿಗೆ ‘ಹಸಿರು’ ಎಂಬ ಬಿರುದನ್ನು ಸಲ್ಲಿಸುವುದು ವಾಡಿಕೆಯಾಗಿದೆ. ಉದ್ದೇಶವು ಶ್ಲಾಘ್ಯವಾದುದೇ, ಬಿರುದು ಮಾತ್ರ ಪರೀಕ್ಷೆಗೆ ಅರ್ಹವಾದುದು.

ಲೋಹವು ಆಧಾರದ ಮೇಲೆಯೇ ನಿಂತು ಕೆಲಸ ಮಾಡುವುದೆಂಬುದು ಮೊದಲನೆಯ ನಂಬಿಕೆ. ಆದರೆ ಆರಿಲ್ ಹ್ಯಾಲೈಡು ತಾಗಿದೊಡನೆ ಲೋಹದ ಪರಮಾಣುಗಳು ಕಣದಿಂದ ಬಿಟ್ಟು ದ್ರಾವಣಕ್ಕೆ ಇಳಿದು, ಅಲ್ಲಿ ಕ್ರಿಯೆಯನ್ನು ನಡೆಯಿಸಿ, ಕೊನೆಗೆ ಮರಳಿ ಆಧಾರದ ಮೇಲೆ ಕೂರುವುದು ಅನೇಕ ಸಂದರ್ಭಗಳಲ್ಲಿ ಕಂಡುಬಂದಿದೆ. ಆದುದರಿಂದ ದ್ರಾವಣವು ಕುದಿಯುತ್ತಿರುವಾಗಲೇ ಸೋಸಿ, ಸೋಸಿದ ನೀರಿನಲ್ಲಿ ಕ್ರಿಯೆಯು ಮುಂದುವರಿಯುವುದೇ ಎಂದು ನೋಡತಕ್ಕದ್ದು. ಆರಿದ ಮೇಲೆ ಸೋಸಿದರೆ ಕಳ್ಳನು ಮನೆ ಸೇರಿದ ಮೇಲೆ ಕಾವಲು ಕಾದಂತಾಗುವುದು. ಐದು ಸಲ ಬಳಸಿದರೂ ಇಳುವರಿ ತಗ್ಗಲಿಲ್ಲವೆಂಬ ಕೋಷ್ಟಕಕ್ಕೂ ಬೆಲೆ ಅಲ್ಪವೇ. ಒಂದು ಗಂಟೆಯಲ್ಲಿ ಮುಗಿಯುವ ಕ್ರಿಯೆಯನ್ನು ಹನ್ನೆರಡು ಗಂಟೆ ನಡೆಯಿಸಿದರೆ ಅರ್ಧ ಸತ್ತ ವೇಗವರ್ಧಕವೂ ಪೂರ್ಣ ಇಳುವರಿ ಕೊಡುವುದು. ಅಳೆಯಬೇಕಾದುದು ಆರಂಭದ ವೇಗವನ್ನು.

ಲೋಹದ ಲವಲೇಶವೂ ಎಷ್ಟು ಬಲವುಳ್ಳದ್ದೆಂಬುದಕ್ಕೆ ಒಂದು ನಿದರ್ಶನವುಂಟು. 2003ರಲ್ಲಿ ಲೆಡ್‌ಬೀಟರ್ ಮತ್ತು ಸಂಗಡಿಗರು ಲೋಹವಿಲ್ಲದೆಯೇ ಸುಜುಕಿ ಕ್ರಿಯೆ ನಡೆಯಿತೆಂದು ಪ್ರಕಟಿಸಿದರು. 2005ರಲ್ಲಿ ಅವರೇ ಪುನರ್ವಿಮರ್ಶೆ ಮಾಡಿ, ಅಂಗಡಿಯಿಂದ ತಂದ ಸೋಡಿಯಮ್ ಕಾರ್ಬೊನೇಟಿನಲ್ಲಿ ನೂರು ಕೋಟಿಗೆ 50 ಭಾಗದಷ್ಟಿದ್ದ ಪಲ್ಲೇಡಿಯಮ್ಮೇ ಕಾರಣವಿರಬಹುದೆಂದು ಕಂಡುಕೊಂಡರು. ಇಂಥ ಪ್ರಾಮಾಣಿಕತೆ ವಿರಳ.

ಕೃಷಿತ್ಯಾಜ್ಯದ ವಿಷಯದಲ್ಲಿ ಈ ಎಚ್ಚರವು ಇನ್ನೂ ಅಗತ್ಯ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಂಥ ಊರಿನ ಹೊಲದಲ್ಲಿ ಉಳಿಯುವ, ಕಾಳು ಬಿಡಿಸಿದ ಗೋವಿನಜೋಳದ ತೆನೆಯನ್ನು ಸುಟ್ಟರೆ ಇದ್ದಿಲೂ ಆಗುವುದು, ಬೂದಿಯೂ ಆಗುವುದು. ಇದ್ದಿಲು ಆಧಾರವಾಗಬಲ್ಲದು. ಬೂದಿಯನ್ನು ನೆನೆಸಿ ತಿಳಿಗೊಳಿಸಿದ ನೀರಿನಲ್ಲಿ ಪೊಟಾಸಿಯಮ್ ಕಾರ್ಬೊನೇಟ್ ಇರುವುದರಿಂದ ಅದು ಕ್ರಿಯೆಗೆ ಬೇಕಾದ ಕ್ಷಾರವನ್ನು ಒದಗಿಸುವುದು. ಇದು ಕಸದಿಂದ ರಸ ತೆಗೆಯುವ ಮಾರ್ಗವೆಂಬುದು ಸತ್ಯ. ಪಾತ್ರೆ ಬೆಳಗಲು ಬೂದಿಯನ್ನು ಬಳಸಿದ ಹಳ್ಳಿಯವರಿಗೆ ಅದರ ಕ್ಷಾರಗುಣವು ಹೊಸದಲ್ಲ. ಆದರೆ ಬೂದಿಯಲ್ಲಿ ಯಾವ ಯಾವ ಲೋಹ ಎಷ್ಟೆಷ್ಟಿದೆಯೆಂದು ಅಳೆಯದೆ, ಬಂದ ಫಲವನ್ನೆಲ್ಲ ಹೊಸ ವೇಗವರ್ಧಕದ ಗುಣವೆಂದು ಸಾರುವುದು ಯುಕ್ತವಲ್ಲ.

ಇನ್ನು ದ್ರಾವಕದ ಮಾತು. ಕ್ರಿಯೆಯು ನೀರಿನಲ್ಲಿ ನಡೆಯಿತೆಂದು ಶೀರ್ಷಿಕೆಯಲ್ಲಿ ಕಾಣುವುದು. ಬಂದ ವಸ್ತುವನ್ನು ಶುದ್ಧಗೊಳಿಸಲು ಸಿಲಿಕದ ಕಂಬದ ಮೇಲೆ ಸುರಿದ ಹೆಕ್ಸೇನ್, ಈಥೈಲ್ ಅಸಿಟೇಟುಗಳ ಲೆಕ್ಕ ಎಲ್ಲಿಯೂ ಕಾಣದು. ಒಂದು ಕಿಲೋ ಔಷಧದ್ರವ್ಯಕ್ಕೆ 25ರಿಂದ 100 ಕಿಲೋ ತ್ಯಾಜ್ಯವುಂಟಾಗುವುದೆಂದು ಶೆಲ್ಡನ್ 1992ರಲ್ಲಿ ಲೆಕ್ಕಹಾಕಿ ತೋರಿಸಿದುದು ಇಂಥ ಮರೆಯ ಖರ್ಚುಗಳನ್ನೂ ಸೇರಿಸಿಯೇ. ಬಾಯಿಂದ ಸೇವಿಸುವ ಔಷಧದಲ್ಲಿ ಪಲ್ಲೇಡಿಯಮ್ಮಿಗೆ ಅಂತರರಾಷ್ಟ್ರೀಯ ನಿಯಮವು ವಿಧಿಸಿರುವ ಮಿತಿ ದಿನಕ್ಕೆ 100 ಮೈಕ್ರೋಗ್ರಾಮು. ಆಧಾರವನ್ನು ಬಿಟ್ಟು ಬಂದ ಲೋಹವು ಅದರೊಳಗಿದೆಯೇ ಎಂಬ ಒಂದು ಸಾಲನ್ನು ಪ್ರತಿಯೊಂದು ಕೋಷ್ಟಕದ ಕೆಳಗೂ ಓದುಗರು ನಿರೀಕ್ಷಿಸಬಹುದು.