ಅಂಜಲ್ ಅಲ್ಲಿರಲಿ, ಬೂತಾಯಿ ಕೊಡಿ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಬಡಾವಣೆಯ ಮೀನಿನಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಯಾರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳಿಬಿಡಬಹುದು. ನೆಂಟರಿರುವವರು ನೇರ ಅಂಜಲ್‌ಗೆ ಕೈ ತೋರಿಸುತ್ತಾರೆ. ಇಲ್ಲದವರು ಅಂಜಲ್ ಬೆಲೆ ಕೇಳಿ, ಕಿವಿಗೆ ಬಿದ್ದದ್ದನ್ನು ಅರಗಿಸಿಕೊಂಡು, ಧ್ವನಿ ತಗ್ಗಿಸಿ ‘ಬಂಗುಡೆ ಹೇಗೆ?’ ಎನ್ನುತ್ತಾರೆ. ಬೂತಾಯಿ ಕೇಳುವವರು ತೀರಾ ಕಮ್ಮಿ. ಅದು ಮೂಲೆಯ ಟ್ರೇಯಲ್ಲಿ ಐಸ್ ಚೂರುಗಳ ನಡುವೆ ಬಿದ್ದಿರುತ್ತದೆ. ನಾನು ಮೊದಲ ಸಲ ಕೇಳಿದಾಗ ಅಂಗಡಿಯ ಹುಡುಗ ತಲೆಯಿಂದ ಕಾಲಿನವರೆಗೆ ನೋಡಿ, ‘ಬೆಕ್ಕಿಗಾ ಸಾರ್?’ ಅಂದಿದ್ದ.

ಬೆಕ್ಕಿಗಲ್ಲ ಮಾರಾಯ, ನನಗೇ.

ಅಗ್ಗದ ಮೀನು ಎಂದರೆ ದುಬಾರಿ ಮೀನು ಸಿಗದಿದ್ದಾಗ ತಿನ್ನುವಂಥದ್ದು ಎಂಬ ತಿಳಿವಳಿಕೆ ಘಟ್ಟದ ಮೇಲೆ ಗಟ್ಟಿಯಾಗಿ ಕೂತುಬಿಟ್ಟಿದೆ. ಇದು ಹೋಟೆಲಿನವರು ಕಲಿಸಿದ ಪಾಠ. ಅವರಿಗೆ ಅಂಜಲ್ ಬೇಕು, ಮಾಂಜಿ ಬೇಕು. ಅಂಜಲ್ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಲು ಬರುತ್ತದೆ, ತಟ್ಟೆಯಲ್ಲಿ ಚೆಂದ ಕೂರುತ್ತದೆ, ತಿನ್ನುವವರಿಗೆ ನಡುಮುಳ್ಳೊಂದನ್ನು ಬಿಟ್ಟರೆ ತೊಂದರೆಯಿಲ್ಲ. ನಾವು ಕೊಡುವ ದುಡ್ಡಿನಲ್ಲಿ ಅರ್ಧ, ಆ ಮುಳ್ಳಿಲ್ಲದ ಸುಖದ ಬಾಡಿಗೆ. ಆದರೆ ಸಾರಿನ ಮೀನಿಗೆ ಮುಳ್ಳೂ ಬೇಕು, ಮೈಯಲ್ಲಿ ಎಣ್ಣೆಯೂ ಬೇಕು. ಅಂಜಲ್ ತುಂಡನ್ನು ಹುಳಿಖಾರದಲ್ಲಿ ಕುದಿಸಿ ನೋಡಿ: ಮಸಾಲೆ ಮಸಾಲೆಯ ಪಾಡಿಗೆ, ತುಂಡು ತುಂಡಿನ ಪಾಡಿಗೆ. ಬೂತಾಯಿ ಹಾಗಲ್ಲ, ತನ್ನ ಎಣ್ಣೆಯನ್ನು ಮಸಾಲೆಗೆ ಬಿಟ್ಟು ಮಸಾಲೆಯನ್ನು ಒಳಗೆಳೆದುಕೊಳ್ಳುತ್ತದೆ. ಅಂಜಲ್ ಕಾವಲಿಗೆ, ಬೂತಾಯಿ ಮಡಕೆಗೆ. ಇದು ನನ್ನ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ.

ತುಳುವರ ಈ ಬೂತಾಯಿ ನಮ್ಮ ಕುಂದಾಪುರದಲ್ಲಿ ಬೈಗೆ, ಕೊಂಕಣಿಯಲ್ಲಿ ತಾರ್ಲೆ, ಬ್ಯಾರಿಗಳಿಗೂ ಮಲಯಾಳಿಗಳಿಗೂ ಮತ್ತಿ. ಬೆಂಗಳೂರಿನಲ್ಲಿ ಮತ್ತಿ ಅಂದರೂ ಸಿಗುತ್ತದೆ, ಸಾರ್ಡಿನ್ ಅಂದರೂ ಸಿಗುತ್ತದೆ. ಮಳೆಗಾಲ ಅದು ಮೊಟ್ಟೆಯಿಡುವ ಕಾಲ, ಆಗ ಮೈ ಸೊರಗಿರುತ್ತದೆ. ಮಳೆ ಹಿಂದೆಗೆದ ಮೇಲೆ ತಿಂದು ತಿಂದು ಕೊಬ್ಬೇರಿಸಿಕೊಳ್ಳುತ್ತದೆ. ನವರಾತ್ರಿ ಮುಗಿದು ಬೆಳಗಿನ ಚಳಿ ಶುರುವಾಗುವ ಈ ದಿನಗಳಲ್ಲಿ ಕೈಯಲ್ಲಿ ಹಿಡಿದರೆ ಜಾರುವಷ್ಟು ಎಣ್ಣೆ. ಚಿಕ್ಕಂದಿನಲ್ಲಿ ನಮ್ಮ ಅಂಗಳಕ್ಕೆ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸು ದಣಪೆಯ ಹತ್ತಿರದಿಂದಲೇ ‘ಹ್ವಾಯ್, ಬೈಗಿ ಇತ್ತ್, ಕಾಣಿ’ ಎಂದು ಕೂಗಿದರೆ ಅಮ್ಮ ಒಲೆ ಬಿಟ್ಟು ಬರುತ್ತಿದ್ದಳು. ಅಳೆದು ಕೊಡುವ ವ್ಯವಹಾರವಿರಲಿಲ್ಲ, ಎಣಿಸಿ ಕೊಡುತ್ತಿದ್ದರು. ಲೆಕ್ಕ ಮುಗಿದ ಮೇಲೆ ಎರಡು ಮೀನು ಕೊಸರು.

ರಾಶಿ ಬಿದ್ದ ವರ್ಷಗಳಲ್ಲಿ ಕರಾವಳಿಯವರು ಇದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕಿದ್ದೂ ಉಂಟು. ಬೂತಾಯಿಯ ಎಣ್ಣೆ ತೆಗೆದು ಮರದ ದೋಣಿಗೆ ಬಳಿಯುತ್ತಿದ್ದರು, ಉಪ್ಪುನೀರಿಗೆ ಮರ ಹಾಳಾಗಬಾರದೆಂದು. ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುವ ರಂಪಣಿ ಬಲೆಗೆ ಬೀಳುತ್ತಿದ್ದದ್ದು ಮುಖ್ಯವಾಗಿ ಬಂಗುಡೆ ಮತ್ತು ಬೂತಾಯಿ. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಕಡಲಿನಲ್ಲೇ ಸುತ್ತುಗಟ್ಟಿ ಹಿಡಿದವು, ರಂಪಣಿ ಮೂಲೆಗೆ ಬಿತ್ತು. ಈಗ ಬೂತಾಯಿ ಹೇರಳವಾಗಿ ಸಿಕ್ಕರೆ ದೊಡ್ಡ ಪಾಲು ಮೀನುಹುಡಿ ಕಾರ್ಖಾನೆಗೆ ಹೋಗುತ್ತದೆ. ಆ ಹುಡಿ ತಿಂದು ಬೆಳೆದ ಸಾಕಿದ ಸಿಗಡಿಯನ್ನು ನಾವು ಹಲವು ಪಟ್ಟು ಬೆಲೆ ಕೊಟ್ಟು ತರುತ್ತೇವೆ. ಮೀನನ್ನೇ ತಿಂದಿದ್ದರೆ ಆಗುತ್ತಿತ್ತಲ್ಲ!

ಬೆಲೆಯ ಮಾತು. ಮೀನಿನ ದರ ಬರೆದರೆ ಪತ್ರಿಕೆ ಅಚ್ಚಾಗುವ ಹೊತ್ತಿಗೆ ಸುಳ್ಳಾಗುತ್ತದೆ, ಬರೆಯುವುದಿಲ್ಲ. ಸುಗ್ಗಿಯಲ್ಲಿ ಒಂದು ಕಿಲೋ ಅಂಜಲ್‌ನ ದುಡ್ಡಿಗೆ ನಾಲ್ಕು ಕಿಲೋ ಬೂತಾಯಿ ಬರುತ್ತದೆ ಎಂದರೆ ಸಾಕು. ಕಿಲೋಗೆ ಇಪ್ಪತ್ತರ ಆಸುಪಾಸು ಮೀನು, ನಾಲ್ಕು ಜನರ ಊಟ. ಬಂಗುಡೆಯಾದರೆ ಕಿಲೋಗೆ ಏಳೆಂಟು. ಆದರೆ ಬೂತಾಯಿ ನಂಬಿಕೆಯ ಪ್ರಾಣಿಯಲ್ಲ. ಕೆಲವು ವರ್ಷ ಕಡಲೇ ಉಕ್ಕಿದಂತೆ ಬರುತ್ತದೆ, ಕೆಲವು ವರ್ಷ ಪತ್ತೆಯಿಲ್ಲ. ಆಗ ಅದೂ ಬಂಗುಡೆಯ ಬೆಲೆಗೆ ಏರಿ ಕೂರುತ್ತದೆ. ಅಂಥ ದಿನ ಹಟ ಹಿಡಿಯಬೇಡಿ. ಕೊಲ್ಲತರು ಇದೆಯೇ, ನಂಗ್ ಇದೆಯೇ, ಪಾಂಬೋಲ್ ಇದೆಯೇ ನೋಡಿ. ‘ಇವತ್ತು ಯಾವುದು ಚೆನ್ನಾಗಿದೆ?’ ಎಂದು ಕೇಳಿ ಮೀನು ಕೊಳ್ಳುವವನಿಗೆ ಯಾವತ್ತೂ ಅಗ್ಗಕ್ಕೇ ಸಿಗುತ್ತದೆ. ಮನೆಯಿಂದಲೇ ಮೀನಿನ ಹೆಸರು ಬರೆದುಕೊಂಡು ಹೊರಟವನು ಹೆಚ್ಚಿಗೆ ತೆರುತ್ತಾನೆ.

ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ ಎಂಬುದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಎರಡು ಗಂಟೆಗೆ, ದಾರಿಯಲ್ಲಿ ಸಿಕ್ಕ ಅಂಗಡಿಯೊಂದರಿಂದ ಬಂಗುಡೆ ತಂದಿದ್ದೆ. ನೀರು ಚಿಮುಕಿಸಿಟ್ಟಿದ್ದರಿಂದ ಫಳಫಳ ಹೊಳೆಯುತ್ತಿತ್ತು, ಐಸ್ ಮಾತ್ರ ಕರಗಿ ಎಷ್ಟು ಹೊತ್ತಾಗಿತ್ತೋ. ಹುರಿದು ತಿಂದ ಅರ್ಧ ಗಂಟೆಯಲ್ಲಿ ಮುಖವೆಲ್ಲ ಕೆಂಪು, ತುಟಿಯ ಸುತ್ತ ಉರಿ, ತಲೆಯಲ್ಲಿ ಡೋಲು. ಮೀನಿನ ಅಲರ್ಜಿ ಅಂದುಕೊಂಡು ಕುಂದಾಪುರದ ಮಾನ ಹೋಯಿತೆಂದು ಅತ್ತೆ. ಡಾಕ್ಟರು ನಕ್ಕು ವಿವರಿಸಿದರು. ಬಂಗುಡೆ, ಬೂತಾಯಿಯಂಥ ಮೀನು ತಣ್ಣಗಿರದೆ ಹೊರಗೆ ಉಳಿದರೆ ಬ್ಯಾಕ್ಟೀರಿಯಾಗಳಿಂದ ಅದರ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ.

ಅಂದಿನಿಂದ ಮೈಯ ಹೊಳಪನ್ನು ನಂಬುವುದು ಬಿಟ್ಟಿದ್ದೇನೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿಬಿದ್ದು ಮಂಜಾಗಿರಬಾರದು. ಕಿವಿರು ಎತ್ತಿದರೆ ಒಳಗೆ ರಕ್ತದ ಕೆಂಪು, ಕಂದು ಅಲ್ಲ. ಬಾಲ ಹಿಡಿದರೆ ಬಂಗುಡೆ ಬಳುಕದೆ ನೆಟ್ಟಗೆ ನಿಲ್ಲಬೇಕು. ಬೂತಾಯಿಯ ಪರೀಕ್ಷೆ ಹೊಟ್ಟೆಯಲ್ಲಿದೆ: ಹಳತಾದಂತೆ ಮೊದಲು ಒಡೆಯುವುದು ಅದೇ. ಹೊಟ್ಟೆಯೊಡೆದ ಬೂತಾಯಿ ಪುಕ್ಕಟೆ ಕೊಟ್ಟರೂ ಬೇಡ. ಬೆಳಿಗ್ಗೆ ಬೇಗ ಹೋಗಿ, ಐಸ್ ಹಾಕಿಸಿಕೊಂಡೇ ತನ್ನಿ.

ಶುಚಿ ಮಾಡುವುದನ್ನು ಅಂಗಡಿಯವರೇ ಮಾಡಿಕೊಡುತ್ತಾರೆ. ಬೂತಾಯಿಗೆ ಮಾತ್ರ ಸಣ್ಣ ಮೀನೆಂದು ಮುಖ ಸಿಂಡರಿಸುವುದುಂಟು. ಮನೆಯಲ್ಲೇ ಮಾಡಿಕೊಂಡರೆ ಅರ್ಧ ಗಂಟೆಯ ಕೆಲಸ. ನೀರಿನಲ್ಲಿ ಹಾಕಿ ಬೆರಳಿನಿಂದ ಬಾಲದ ಕಡೆಯಿಂದ ತಲೆಯ ಕಡೆಗೆ ಉಜ್ಜಿದರೆ ಹುರುಪೆ ಬಿಟ್ಟುಕೊಳ್ಳುತ್ತದೆ. ತಲೆ ತೆಗೆದು, ಹೊಟ್ಟೆಯ ಅಂಚನ್ನು ಸೀಳಿ ಒಳಗಿನದನ್ನು ಎಳೆದರೆ ಮುಗಿಯಿತು. ಮೊಟ್ಟೆ ಸಿಕ್ಕರೆ ಎಸೆಯಬೇಡಿ, ಅದು ಅಡುಗೆ ಮಾಡಿದವರ ಪಾಲು. ಅಮ್ಮ ಮೆಟ್ಟುಗತ್ತಿಯ ಮುಂದೆ ಕೂತು ನಮ್ಮೊಡನೆ ಮಾತಾಡುತ್ತ ಐವತ್ತು ಮೀನು ಮುಗಿಸುತ್ತಿದ್ದಳು. ಮೂರು ನೀರಿಗಿಂತ ಹೆಚ್ಚು ತೊಳೆದರೆ ಬೈಯುತ್ತಿದ್ದಳು: ‘ಕಡಲಿನ ರುಚಿಯೆಲ್ಲ ಚರಂಡಿಗೆ ಬಿಡ್ತೀಯಾ?’

ಈಗ ಪುಳಿಮುಂಚಿ. ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು, ಹೆಸರಲ್ಲೇ ಅಡುಗೆಯಿದೆ. ತೆಂಗಿನಕಾಯಿ ಬೇಡ, ಖರ್ಚಿನಲ್ಲಿ ಅದೂ ಉಳಿಯಿತು. ಒಂದು ಕಿಲೋ ಮೀನಿಗೆ ಹದಿನೈದು ಬ್ಯಾಡಗಿ ಮೆಣಸು, ಖಾರಕ್ಕೆ ನಾಲ್ಕೈದು ಗಿಡ್ಡ ಮೆಣಸು. ಒಂದು ದೊಡ್ಡ ಚಮಚ ಕೊತ್ತಂಬರಿ, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಕಾಳುಮೆಣಸು, ಹತ್ತಿಪ್ಪತ್ತು ಕಾಳು ಮೆಂತ್ಯ, ಚಿಟಿಕೆ ಓಮ. ಇಷ್ಟನ್ನು ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ಅರಿಶಿನ, ದೊಡ್ಡ ನಿಂಬೆಗಾತ್ರದ ಹುಣಸೆ ಸೇರಿಸಿ ನುಣ್ಣಗೆ ಅರೆಯಿರಿ. ನುಣ್ಣಗೆ ಎಂದರೆ ಬೆರಳ ನಡುವೆ ತರಿ ಸಿಗಬಾರದು. ಮಿಕ್ಸಿಯವರು ಇಲ್ಲೇ ಅವಸರ ಮಾಡಿ ಕೆಡಿಸುವುದು.

ಮಣ್ಣಿನ ಮಡಕೆಯಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಗಲ ಬಾಯಿಯ ಯಾವ ಪಾತ್ರೆಯಾದರೂ ಸರಿ, ಅಲ್ಯುಮಿನಿಯಂ ಮಾತ್ರ ಬೇಡ, ಹುಳಿಗೆ ಆಗಿಬರುವುದಿಲ್ಲ. ಮೀನಿಗೆ ಮೊದಲು ಮಸಾಲೆ ಕುದಿಯಬೇಕು. ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು, ಉಪ್ಪು ಹಾಕಿ, ಹಸಿ ವಾಸನೆ ಹೋಗಿ ಬದಿಯಲ್ಲಿ ಬಣ್ಣ ಗಾಢವಾಗುವ ತನಕ ಬಿಡಿ. ಆಮೇಲೆ ಮೀನುಗಳನ್ನು ಒಂದರ ಪಕ್ಕ ಒಂದರಂತೆ ಮಲಗಿಸಿ. ಅಲ್ಲಿಂದ ಮುಂದೆ ಸೌಟು ಮುಟ್ಟುವಂತಿಲ್ಲ. ಎರಡು ಕೈಯಲ್ಲಿ ಪಾತ್ರೆಯ ಕಂಠ ಹಿಡಿದು ತಿರುಗಿಸಬೇಕು, ಅಷ್ಟೇ. ಏಳೆಂಟು ನಿಮಿಷದಲ್ಲಿ ಮೇಲೆ ಎಣ್ಣೆಯ ಸಣ್ಣ ಸಣ್ಣ ಕೆಂಪು ಬಿಲ್ಲೆಗಳು ತೇಲತೊಡಗುತ್ತವೆ. ನೀವು ಹಾಕಿದ ಎಣ್ಣೆಯಲ್ಲ ಅದು, ಮೀನಿನದು. ಅದು ಕಂಡಾಗ ಒಲೆ ಆರಿಸಿ, ಕರಿಬೇವು, ಒಂದು ಚಮಚ ಹಸಿ ತೆಂಗಿನೆಣ್ಣೆ ಹಾಕಿ ಮುಚ್ಚಿಡಿ. ಕನಿಷ್ಠ ಒಂದು ಗಂಟೆ ಮುಚ್ಚಳ ತೆಗೆಯಬೇಡಿ. ಇದು ಸಾರಿನ ಹಾಗೆ ಹರಿಯಬಾರದು, ಮೀನಿಗೆ ಮೆತ್ತಿಕೊಳ್ಳಬೇಕು. ನೀರು ಹೆಚ್ಚು ಹಾಕಿ ಪುಳಿಮುಂಚಿ ಎಂದು ಬಡಿಸುವವರ ಮನೆಗೆ ನಾನು ಎರಡನೆಯ ಸಲ ಹೋಗಿಲ್ಲ.

ಹುಳಿ ಯಾಕೆ ಇಷ್ಟು ಎಂದು ಕೇಳುತ್ತಾರೆ. ಕಡಲಿನ ಮೀನಿನ ನೀಚು ವಾಸನೆಗೆ ಕಾರಣವಾದದ್ದು ಕ್ಷಾರ ಗುಣದ್ದು, ಹುಳಿ ಬಿದ್ದರೆ ಅಡಗುತ್ತದೆ. ಜತೆಗೆ ಮಾಂಸವೂ ಗಟ್ಟಿಯಾಗುತ್ತದೆ. ಇದನ್ನು ರಸಾಯನಶಾಸ್ತ್ರ ಓದದೆಯೇ ಕರಾವಳಿಯ ಹೆಂಗಸರು ಹುಣಸೆಯೊಂದಕ್ಕೇ ನಿಲ್ಲದೆ ಬಿಂಬುಳಿ, ಅಂಬಟೆ, ಮಾವಿನಕಾಯಿ ಎಂದು ಕಾಲಕ್ಕೊಂದು ಹುಳಿ ಇಟ್ಟುಕೊಂಡಿದ್ದರು. ಕೊಂಕಣಿಗರು ಬಂಗುಡೆಗೆ, ತಾರ್ಲೆಗೆ ತೆಪ್ಪಳ ಹಾಕುತ್ತಾರೆ, ನಮ್ಮಲ್ಲಿ ಜುಮ್ಮನಕಾಯಿ ಎನ್ನುವುದು ಅದನ್ನೇ. ಒಳಗಿನ ಕಪ್ಪು ಬೀಜ ತೆಗೆದು ಸಿಪ್ಪೆಯನ್ನು ಮಾತ್ರ ಜಜ್ಜಿ ಹಾಕಬೇಕು. ನಾಲಿಗೆಯ ತುದಿ ಜುಮ್ಮೆಂದು ಒಂದು ಕ್ಷಣ ಮರಗಟ್ಟುತ್ತದೆ. ಊರಿಗೆ ಹೋದಾಗ ಒಂದು ಡಬ್ಬಿ ತಂದಿಟ್ಟುಕೊಂಡರೆ ವರ್ಷಕ್ಕಾಯಿತು.

ಮುಳ್ಳಿನ ಭಯದವರಿಗೆ ಎರಡು ಮಾತು. ಬೆಂದ ಬೂತಾಯಿಯ ಬೆನ್ನಿನ ಮೇಲೆ ಬೆರಳಿನಿಂದ ಉದ್ದಕ್ಕೆ ಒತ್ತಿದರೆ ಮೀನು ಎರಡಾಗಿ ಬಿಚ್ಚಿಕೊಳ್ಳುತ್ತದೆ, ಬಾಲದ ಕಡೆಯಿಂದ ನಡುಮುಳ್ಳನ್ನು ಎತ್ತಿದರೆ ಬಾಚಣಿಗೆಯಂತೆ ಇಡಿಯಾಗಿ ಬರುತ್ತದೆ. ಅದಕ್ಕೆ ಕೈ ಬೇಕು, ಚಮಚದಲ್ಲಿ ಆಗುವ ಕೆಲಸವಲ್ಲ. ಅದೂ ಬೇಡವೆಂದರೆ ಕುಕ್ಕರಿಗೆ ಹಾಕಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಮುಳ್ಳೇ ಮೆತ್ತಗಾಗಿ ಬಾಯಲ್ಲಿ ಪುಡಿಯಾಗುತ್ತದೆ, ಡಬ್ಬಿಯಲ್ಲಿ ಬರುವ ಮೀನಿನ ಹಾಗೆ. ಮಕ್ಕಳಿಗೆ ಅನ್ನದೊಡನೆ ಕಲೆಸಿಕೊಡಬಹುದು, ಸುಣ್ಣದ ಸತ್ವವೂ ಹೊಟ್ಟೆಗೆ ಹೋಯಿತು. ನನಗೆ ಮನಸ್ಸಾಗುವುದಿಲ್ಲ, ಆದರೆ ಬೇಡ ಅನ್ನಲಾರೆ.

ಚಿಪ್ಪಿನ ಮಾತು ಎತ್ತದಿದ್ದರೆ ಕುಮಟೆಯ ಸ್ನೇಹಿತರು ಮುನಿಸಿಕೊಳ್ಳುತ್ತಾರೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು ಹೆಕ್ಕುವ ಬಳಚು, ಮಂಗಳೂರಿನವರ ಮರುವಾಯಿ, ಅಗ್ಗದಲ್ಲಿ ಅಗ್ಗ. ಉಪ್ಪುನೀರಿನಲ್ಲಿ ಕೆಲವು ಗಂಟೆ ಇಟ್ಟು ಮರಳು ಕಕ್ಕಿಸಿ, ಕಾಯಿತುರಿ ಹಾಕಿ ಸುಕ್ಕ ಮಾಡಬೇಕು. ಬೆಂಗಳೂರಿನಲ್ಲಿ ಜೀವವಿರುವ ಬಳಚು ಸಿಗುವುದು ಅಪರೂಪ, ಸತ್ತದ್ದನ್ನು ತರಬಾರದು. ಹಾಗಾಗಿ ಅದನ್ನು ಊರಿನ ರಜೆಗೆ ಮೀಸಲಿಡಿ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಆಗ ಕಡಲಿಗಿಳಿಯುವ ನಾಡದೋಣಿಗಳ ಮೀನಿಗೆ ಬೆಲೆ ಬೇರೆಯೇ. ಆ ದಿನಗಳಿಗೆಂದೇ ಒಣ ಸಿಗಡಿ ಇಟ್ಟುಕೊಳ್ಳಿ. ಬಾಣಲೆಯಲ್ಲಿ ಗರಿಗರಿ ಹುರಿದು, ತಲೆಬಾಲ ಮುರಿದು, ಕಾಯಿತುರಿ, ಸುಟ್ಟ ಮೆಣಸು, ಹುಣಸೆ, ಹಸಿ ಈರುಳ್ಳಿ ಸೇರಿಸಿ ಒರಟಾಗಿ ಜಜ್ಜಿದರೆ ಚಟ್ನಿ. ಒಂದು ಹಿಡಿ ಸಿಗಡಿಗೆ ಮನೆಯವರೆಲ್ಲರ ಗಂಜಿ ಇಳಿಯುತ್ತದೆ. ಹುರಿಯುವಾಗ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಮುಚ್ಚಿಕೊಳ್ಳಲಿ.

ಕಳೆದ ಭಾನುವಾರ ಒಂದು ಕಿಲೋ ಬೂತಾಯಿ ತಂದೆ, ಇಪ್ಪತ್ತೆರಡು ಮೀನು. ರಾತ್ರಿ ನಾಲ್ಕು ಜನಕ್ಕೆ ಕುಚ್ಚಲಕ್ಕಿ ಅನ್ನದ ಜತೆ ಹದಿನೇಳು ಹೋದವು. ಉಳಿದ ಐದನ್ನು ಪಾತ್ರೆ ಸಮೇತ ಫ್ರಿಜ್ಜಿಗಿಟ್ಟು, ಬೆಳಿಗ್ಗೆ ಬಿಸಿಮಾಡಿ ಗಂಜಿಗೆ ಹಚ್ಚಿಕೊಂಡೆವು. ರಾತ್ರಿಗಿಂತ ಬೆಳಿಗ್ಗೆಯೇ ರುಚಿ ಹೆಚ್ಚಿತ್ತು. ಅಂಗಡಿಯ ಹುಡುಗನಿಗೆ ತಲೆಗಳನ್ನು ಬೇರೆ ಕಟ್ಟಿಕೊಡಲು ಹೇಳಿದ್ದೆ. ಅವು ಬೆಕ್ಕಿಗೆ.