ಚಾಚಿದ ಕಾಲಿನ ಕೀರ್ತಿ

ಸ್ಪೋರ್ಟ್ಸ್ ಕಾರಿನ ಆಸನವನ್ನು ಹೊಗಳುವುದು ನಮ್ಮ ವಾಹನವಿಮರ್ಶೆಯಲ್ಲಿ ಒಂದು ಸಂಪ್ರದಾಯವಾಗಿ ನೆಲೆನಿಂತಿದೆ. ಎಂಜಿನಿನ ಧ್ವನಿಯಲ್ಲಿ ದೋಷ ಕಾಣುವವರು, ಗೇರಿನ ಗಡಸುತನವನ್ನು ಆಕ್ಷೇಪಿಸುವವರು, ಬೆಲೆಯನ್ನು ಕೇಳಿ ಹುಬ್ಬು ಗಂಟಿಕ್ಕುವವರು ಕೂಡ, ಚಾಲಕನನ್ನು ನೆಲಕ್ಕೆ ಅಂಟಿಸಿದಂತೆ ತಗ್ಗಿನಲ್ಲಿ ಕುಳ್ಳಿರಿಸಿ, ಅವನ ಕಾಲೆರಡನ್ನೂ ಮುಂದಕ್ಕೆ ಚಾಚಿಸಿ, ತೊಡೆಗಳ ಹೊರಮಗ್ಗುಲನ್ನು ದಿಂಡುಗಳಿಂದ ಒತ್ತಿ ಹಿಡಿಯುವ ಆ ಆಸನದ ಬಳಿಗೆ ಬಂದೊಡನೆ ಪರೀಕ್ಷೆಯನ್ನು ಕೈಬಿಟ್ಟು ಸ್ತುತಿಗೆ ತೊಡಗುತ್ತಾರೆ. ಇಂಥ ಕಾರನ್ನು ಮೂರು ನಾಲ್ಕು ಗಂಟೆಗಳ ಕಾಲ ನಡೆಸಿ ಇಳಿದವನಿಗೆ ಮೀನಖಂಡ ಹಿಡಿದುಕೊಳ್ಳುವುದು, ತೊಡೆಯ ಅಡಿಭಾಗ ಜೋಮುಗಟ್ಟುವುದು, ಸೊಂಟದ ಕೆಳಗೆ ಒಂದು ಕಡೆ ನೋವು ನೆಲಸುವುದು ಬಲ್ಲವರೆಲ್ಲ ಬಲ್ಲ ಸಂಗತಿ. ಅದನ್ನು ಆಸನದ ದೋಷವೆಂದು ಬರೆಯುವ ಧೈರ್ಯ ಮಾತ್ರ ವಿರಳ. ಈ ಆಸನಕ್ರಮದ ಕೀರ್ತಿ ಅದರ ಯೋಗ್ಯತೆಯನ್ನು ಬಹುದೂರ ಮೀರಿದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದನ್ನು ಪರೀಕ್ಷಿಸುವುದಕ್ಕೆ ತುಮಕೂರು ಜಿಲ್ಲೆಯ ಬಡಗಣ ತಾಲ್ಲೂಕುಗಳಿಗಿಂತ ತಕ್ಕ ಪ್ರದೇಶವನ್ನು ನಾನರಿಯೆ. ಭಾನುವಾರದ ಬೆಳಗಿನ ಜಾವದಲ್ಲಿ ಬೆಂಗಳೂರನ್ನು ಬಿಟ್ಟು ಇತ್ತ ಹೊರಡುವ ಕಾರುಗಳಿಗೆ ದಾಬಸ್‌ಪೇಟೆಯ ಆಚೆ ಎರಡು ದಾರಿಗಳಿವೆ: ಒಂದು, ಹಿಂದೆ 4 ಎಂದೂ ಈಗ 48 ಎಂದೂ ಸಂಖ್ಯೆ ಪಡೆದ ಪುಣೆಯ ಹೆದ್ದಾರಿಯಲ್ಲಿ ನೇರವಾಗಿ ಶಿರಾಕ್ಕೆ, ಇನ್ನೊಂದು, ಕೊರಟಗೆರೆಯ ಮೂಲಕ ಮಧುಗಿರಿಗೆ, ಅಲ್ಲಿಂದ ಮಿಡಿಗೇಶಿಯ ಮೇಲೆ ಪಾವಗಡಕ್ಕೆ. ಮೊದಲನೆಯ ದಾರಿಯಲ್ಲಿ ಆಕ್ಸಲರೇಟರಿನ ಮೇಲಿಟ್ಟ ಬಲಗಾಲು ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ನಿಶ್ಚಲವಾಗಿರಬೇಕು. ಎರಡನೆಯದರಲ್ಲಿ ಊರು ಬಂದಲ್ಲೆಲ್ಲ ಹಂಪು, ಹಂಪಿನ ಹಿಂದೆ ಕುರಿಮಂದೆ, ಕುರಿಮಂದೆಯ ಹಿಂದೆ ಹುಲ್ಲು ಹೇರಿದ ಟ್ರ್ಯಾಕ್ಟರು. ಕ್ಲಚ್ಚನ್ನು ತುಳಿಯುವ ಎಡಗಾಲಿಗೆ ಬಿಡುವೆಂಬುದಿಲ್ಲ. ಎರಡು ಕಾಲುಗಳನ್ನೂ ಬೇರೆ ಬೇರೆಯಾಗಿ ಒರೆಗೆ ಹಚ್ಚುವ ಈ ದಾರಿಗಳನ್ನು ಶಿರಾದಿಂದ ಮಧುಗಿರಿಗೆ ಬರುವ ರಸ್ತೆ ಒಂದುಗೂಡಿಸುವುದರಿಂದ, ಒಂದೇ ದಿನದ ಸುತ್ತಿನಲ್ಲಿ ಆಸನದ ಗುಣಾವಗುಣಗಳೆರಡೂ ಶರೀರದ ಮೇಲೆ ಬರೆದಿಟ್ಟಂತೆ ತಿಳಿದುಬರುತ್ತವೆ.

ಈ ಭಂಗಿ ಹುಟ್ಟಿದ್ದು ರಸ್ತೆಯಲ್ಲಿ ಅಲ್ಲ, ಪಂದ್ಯದ ಕಣದಲ್ಲಿ. 1950ರಲ್ಲಿ ಮೊದಲ ವಿಶ್ವಚಾಂಪಿಯನ್ನನಾದ ಇಟಲಿಯ ಜುಸೆಪ್ಪೆ ಫರೀನಾ, ಸ್ಟಿಯರಿಂಗ್ ಚಕ್ರಕ್ಕೆ ಎದೆಯೊಡ್ಡಿ ಕೂರುತ್ತಿದ್ದ ಹಿಂದಿನವರ ಪದ್ಧತಿಯನ್ನು ಬಿಟ್ಟು, ತೋಳುಗಳನ್ನು ನೀಳವಾಗಿ ಚಾಚಿ ಹಿಂದಕ್ಕೆ ಒರಗಿ ಓಡಿಸಿದ. ಸ್ಟರ್ಲಿಂಗ್ ಮಾಸ್ ಅದನ್ನು ಅನುಸರಿಸಿದ. 1962ರಲ್ಲಿ ಕಾಲಿನ್ ಚಾಪ್‌ಮನ್ ನಿರ್ಮಿಸಿದ ಲೋಟಸ್ 25ರಲ್ಲಿ ಜಿಮ್ ಕ್ಲಾರ್ಕ್ ಕುಳಿತನೆನ್ನುವುದಕ್ಕಿಂತ ಮಲಗಿದನೆನ್ನುವುದೇ ಸರಿ. ಗಾಳಿಗೆ ಎದುರಾಗುವ ಮುಂಭಾಗದ ವಿಸ್ತಾರವನ್ನು ಕುಗ್ಗಿಸುವುದೇ ಅದರ ಉದ್ದೇಶ, ಉದ್ದೇಶ ಸಫಲವಾಯಿತು, 1963ರ ಚಾಂಪಿಯನ್ ಪದವಿ ಕ್ಲಾರ್ಕನಿಗೆ ಸಂದಿತು. ಇಷ್ಟರಲ್ಲಿ ಆಕ್ಷೇಪಾರ್ಹವಾದದ್ದು ಏನೂ ಇಲ್ಲ. ಪಂದ್ಯದ ಕಾರಿನ ಆಸನವನ್ನು ಒಬ್ಬನೇ ಚಾಲಕನ ಮೈಯಳತೆಗೆ ಎರಕ ಹೊಯ್ದಂತೆ ಸಿದ್ಧಪಡಿಸುತ್ತಾರೆ. ಪೆಡಲುಗಳನ್ನು ಅವನ ಪಾದ ಇರುವೆಡೆಗೆ ತರುತ್ತಾರೆ. ಅವನ ಕಾಲುಗಳು ಒಂದೆಡೆ ನಿಲ್ಲುವುದೇ ಇಲ್ಲ, ಕ್ಷಣಕ್ಷಣಕ್ಕೂ ಬ್ರೇಕಿಗೂ ಆಕ್ಸಲರೇಟರಿಗೂ ಹರಿದಾಡುತ್ತಿರುತ್ತವೆ. ಎರಡು ಗಂಟೆಗಳ ಸುಮಾರಿಗೆ ಪಂದ್ಯ ಮುಗಿದು ಅವನು ಹೊರಗೆ ಬರುತ್ತಾನೆ.

ನನ್ನ ಆಕ್ಷೇಪವಿರುವುದು ಆ ಭಂಗಿಯನ್ನು ರಸ್ತೆಯ ಕಾರಿಗೆ ತಂದ ರೀತಿಯಲ್ಲಿ. ತಂದವರು ಇಡಿಯಾಗಿ ತರಲಿಲ್ಲ, ಅರ್ಧವನ್ನು ಮಾತ್ರ ತಂದರು. ಪಂದ್ಯದ ಚಾಲಕನ ಕಾಲುಗಳು ಚಾಚಿರುವಂತೆಯೇ ಅವನ ಬೆನ್ನೂ ಹಿಂದಕ್ಕೆ ಬಾಗಿರುತ್ತದೆ. ಆದುದರಿಂದ ಸೊಂಟದ ಕೀಲಿನಲ್ಲಿ ತೊಡೆಗೂ ಮುಂಡಕ್ಕೂ ನಡುವಣ ಕೋನ ವಿಶಾಲವಾಗಿ ಉಳಿಯುತ್ತದೆ. ರಸ್ತೆಯಲ್ಲಿ ಓಡಿಸುವವನು ಹಾಗೆ ಒರಗಲಾರ. ಎದುರಿನ ಲಾರಿಯನ್ನೂ ಅದರ ಹಿಂದಿನಿಂದ ತಟ್ಟನೆ ಹೊರಬರುವ ಬೈಕನ್ನೂ ನೋಡಬೇಕಾದವನು ಬೆನ್ನನ್ನು ನೇರವಾಗಿಯೇ ನಿಲ್ಲಿಸಬೇಕು. ಹೀಗೆ ಕಾಲು ಪಂದ್ಯದವನದು, ಬೆನ್ನು ಕಚೇರಿಯ ಗುಮಾಸ್ತನದು ಎಂಬಂತಹ ಒಂದು ಸಂಕರಭಂಗಿ ಹುಟ್ಟಿತು; ಇದನ್ನು ನಮ್ಮ ವಿಮರ್ಶಕರು ಕ್ರೀಡಾಸಹಜವೆಂದು ಕರೆದರು.

ಈ ಸಂಕರದಿಂದ ಶರೀರದಲ್ಲಿ ಏನಾಗುತ್ತದೆಂಬುದನ್ನು ಸಾವಧಾನವಾಗಿ ನೋಡಬೇಕು. ತೊಡೆಯ ಹಿಂಬದಿಯ ದೀರ್ಘ ಸ್ನಾಯುಗಳು ಸೊಂಟದ ಕೆಳಗಿನ ಎಲುಬಿನಲ್ಲಿ ಹುಟ್ಟಿ ಮಂಡಿಯನ್ನು ದಾಟಿ ಮೊಳಕಾಲಿನ ಕೆಳಗೆ ನೆಡುತ್ತವೆ. ಅಂದರೆ ಎರಡು ಕೀಲುಗಳನ್ನು ಒಂದೇ ಸ್ನಾಯು ಆಳುತ್ತದೆ. ಮಂಡಿಯನ್ನು ಮಡಚಿ ಕೂತಾಗ ಅದು ಸಡಿಲವಾಗಿರುತ್ತದೆ. ಬೆನ್ನನ್ನು ನೇರವಾಗಿರಿಸಿ ಮಂಡಿಯನ್ನು ಚಾಚಿದರೆ ಅದು ಎರಡು ತುದಿಗಳಿಂದಲೂ ಎಳೆಯಲ್ಪಟ್ಟು, ತನ್ನ ಬಿಗಿತವನ್ನು ಕಳೆದುಕೊಳ್ಳುವುದಕ್ಕಾಗಿ ಕಟಿಯ ಎಲುಬನ್ನೇ ಹಿಂದಕ್ಕೆ ಉರುಳಿಸುತ್ತದೆ. ಸೊಂಟದ ಸಹಜವಾದ ಒಳಬಾಗು ಅಳಿಸಿಹೋಗಿ ಬೆನ್ನು ಗೂನಾಗುತ್ತದೆ. ಸೊಂಟದ ಹಿಂದೆ ಟವೆಲ್ಲನ್ನು ಸುತ್ತಿ ಇಟ್ಟುಕೊಳ್ಳಿರೆಂದು ಉಪದೇಶಿಸುವವರು ಈ ಕಾರಣವನ್ನು ತಿಳಿದಿದ್ದರೆ, ಕಾಲಿನ ಎಳೆತವನ್ನು ಬಿಡಿಸದೆ ಬೆನ್ನಿಗೆ ಆಧಾರ ಕೊಟ್ಟರೆ ಆ ಎಳೆತ ತೊಡೆಯಲ್ಲೇ ಉಳಿಯುವುದೆಂಬುದನ್ನೂ ಹೇಳುತ್ತಿದ್ದರು.

ಇನ್ನು ಆಸನದ ಮುಂಭಾಗ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘದವರು ಹಿಮ್ಮಡಿ ಊರುವ ನೆಲದಿಂದ ಸೊಂಟದ ಕೀಲಿಗಿರುವ ಎತ್ತರವನ್ನು ಅಳೆದು, 405 ಮಿಲಿಮೀಟರಿಗಿಂತ ಕಡಮೆಯಾದುದನ್ನು ಕಾರುಗಳ ವರ್ಗಕ್ಕೂ ಅದಕ್ಕೆ ಮೇಲ್ಪಟ್ಟುದನ್ನು ಭಾರಿ ವಾಹನಗಳ ವರ್ಗಕ್ಕೂ ಸೇರಿಸುತ್ತಾರೆ. ಸ್ಪೋರ್ಟ್ಸ್ ಕಾರಿನಲ್ಲಿ ಈ ಎತ್ತರ ಮೊದಲನೆಯ ವರ್ಗದಲ್ಲಿಯೂ ತಳವನ್ನು ಮುಟ್ಟಿರುತ್ತದೆ. ಉದ್ದ ಕಾಲಿನವನು ಅಲ್ಲಿ ಕುಳಿತಾಗ ಅವನ ಮಂಡಿ ಮೇಲಕ್ಕೇಳುತ್ತದೆ, ತೊಡೆ ಆಸನದ ಮುಂಭಾಗವನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಶರೀರದ ಭಾರವೆಲ್ಲ ಪೃಷ್ಠದ ಎರಡು ಎಲುಬುಗಳ ಮೇಲೆ ಬೀಳುತ್ತದೆ. ಗಿಡ್ಡ ಕಾಲಿನವನಿಗೆ ಇದರ ವಿಪರೀತ: ಪೆಡಲನ್ನು ಮುಟ್ಟಲೆಂದು ಅವನು ಮುಂದಕ್ಕೆ ಸರಿದಾಗ ಆಸನದ ಅಂಚು ಮಂಡಿಯ ಹಿಂದಿನ ಮೃದುವಾದ ಕುಳಿಯನ್ನು ಒತ್ತುತ್ತದೆ, ರಕ್ತನಾಳಗಳೂ ನರಗಳೂ ಮೇಲೆಯೇ ಹಾಯುವ ತಾಣ ಅದು.

ಅಂಚಿನ ಈ ಒತ್ತಡವನ್ನು ಸಣ್ಣ ಮಾತೆಂದು ತಿಳಿಯುವವರಿಗೆ ಲಂಡನ್ನಿನ ಒಂದು ವೃತ್ತಾಂತವನ್ನು ನೆನಪಿಸಬೇಕಾಗಿದೆ. 1940ರಲ್ಲಿ ಆ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನರು ಆಶ್ರಯತಾಣಗಳಲ್ಲಿ ರಾತ್ರಿಯೆಲ್ಲ ಮಡಚುವ ಕ್ಯಾನ್ವಾಸ್ ಕುರ್ಚಿಗಳಲ್ಲಿ ಕುಳಿತು ಕಳೆಯುತ್ತಿದ್ದರು. ಹಾಗೆ ಕುಳಿತವರಲ್ಲಿ ಹಠಾತ್ ಮರಣಗಳು ಹೆಚ್ಚಿದುದನ್ನು ಗಮನಿಸಿದ ಕೀತ್ ಸಿಂಪ್ಸನ್ ಎಂಬ ವೈದ್ಯ, ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯಡಿಯನ್ನು ಒತ್ತಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿಸುವುದೆಂದೂ ಆ ಹೆಪ್ಪು ಶ್ವಾಸಕೋಶಕ್ಕೆ ಹರಿದು ಪ್ರಾಣವನ್ನು ಕೊಳ್ಳುವುದೆಂದೂ ಪ್ರಕಟಿಸಿದ. 1954ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಹೋಮನ್ಸ್, ವಿಮಾನದಲ್ಲಿಯೂ ಕಾರಿನಲ್ಲಿಯೂ ದೀರ್ಘಕಾಲ ಕುಳಿತು ಪ್ರಯಾಣ ಮಾಡಿದವರಲ್ಲಿ ಇಂಥದೇ ಹೆಪ್ಪನ್ನು ವರ್ಣಿಸಿದ. ಶಿರಾಕ್ಕೆ ಹೋಗಿಬಂದ ಮಾತ್ರಕ್ಕೆ ಯಾರಿಗೂ ಇಷ್ಟಾಗುವುದೆಂದು ನಾನು ಹೇಳುತ್ತಿಲ್ಲ. ಅಂಚಿನ ಒಂದಂಗುಲ ಏರಿಳಿತವನ್ನು ಅಲಕ್ಷಿಸಲಾಗದೆಂದು ಹೇಳುತ್ತಿದ್ದೇನೆ.

ಮೀನಖಂಡದ ಸೆಳೆತ ಹುಟ್ಟುವುದು ಪಾದದ ಗಂಟಿನಲ್ಲಿ. ತಗ್ಗಿನಲ್ಲಿ ಕುಳಿತು ಕಾಲು ಚಾಚಿದವನ ಪಾದ ಬೆರಳ ತುದಿಯ ಕಡೆಗೆ ಇಳಿಮೊಗವಾಗುತ್ತದೆ; ಆಗ ಮೀನಖಂಡದ ಸ್ನಾಯು ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಕುಗ್ಗಿದ ಸ್ನಾಯು ಮತ್ತಷ್ಟು ಬಿಗಿದಾಗಲೇ ಸೆಡೆತ ಬರುವುದೆಂಬುದಕ್ಕೆ, ನಡುರಾತ್ರಿ ಕಾಲು ಹಿಡಿದುಕೊಂಡಾಗ ಮನೆಯವರು ಹೆಬ್ಬೆರಳನ್ನು ಹಿಡಿದು ಮೇಲಕ್ಕೆ ಎಳೆಯುವ ಚಿಕಿತ್ಸೆಯೇ ಸಾಕ್ಷಿ. ಹೆದ್ದಾರಿಯಲ್ಲಿ ಸಮವೇಗದಿಂದ ಹೋಗುವಾಗ ಆಕ್ಸಲರೇಟರನ್ನು ಸ್ವಲ್ಪವೇ ಒತ್ತಿ ಹಿಡಿದಿರಬೇಕು. ಪಾದವನ್ನು ಪೂರ್ತಿ ಭಾರ ಬಿಟ್ಟು ಊರುವಂತಿಲ್ಲ, ಪೂರ್ತಿ ಎತ್ತುವಂತೆಯೂ ಇಲ್ಲ. ಕೆಳಗಿಳಿಯದಂತೆ ಅದನ್ನು ತಡೆದು ಹಿಡಿಯುವ ಕೆಲಸ ಕೆಳಗಾಲಿನ ಮುಂದಿನ ಸ್ನಾಯುವಿನದು, ಒತ್ತುವ ಕೆಲಸ ಹಿಂದಿನದು. ಪರಸ್ಪರ ವಿರುದ್ಧವಾದ ಇವೆರಡೂ ಚಲನೆಯಿಲ್ಲದೆ ಬಿಗಿದು ನಿಂತಾಗ ಅವುಗಳೊಳಗೆ ರಕ್ತದ ಹರಿವು ಕುಂದುತ್ತದೆ. ನಡೆಯುವವನ ಮೀನಖಂಡ ಹೆಜ್ಜೆಹೆಜ್ಜೆಗೂ ಕುಗ್ಗಿ ಹಿಗ್ಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಇಲ್ಲಿ ಆ ಸೌಲಭ್ಯವೂ ನಿಂತುಹೋಗಿರುತ್ತದೆ. ಇದರ ಮೇಲೆ, ಹೊರಕ್ಕೆ ವಾಲಿದ ಮಂಡಿ ಬಾಗಿಲಿಗೆ ತಾಗಿದರೆ, ಮಂಡಿಯ ಹೊರಮಗ್ಗುಲಲ್ಲಿ ಎಲುಬಿನ ಮೇಲೆಯೇ ಸುತ್ತಿಬರುವ ನರ ಅದುಮಲ್ಪಟ್ಟು ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಕೆಲವು ಕಾರುಗಳಲ್ಲಂತೂ ಮುಂಚಕ್ರದ ಗೂಡು ಒಳಕ್ಕೆ ಚಾಚಿ ಪೆಡಲುಗಳನ್ನೇ ಕಾರಿನ ನಡುವಿಗೆ ತಳ್ಳಿಬಿಟ್ಟಿರುತ್ತದೆ. ಲ್ಯಾಂಬೋರ್ಗಿನಿ ಕೌಂಟಾಕಿನ ಚಾಲಕ ಮೊಗವನ್ನು ಒಂದು ಕಡೆಗೂ ಪಾದವನ್ನು ಇನ್ನೊಂದು ಕಡೆಗೂ ಇಟ್ಟೇ ಕೂರಬೇಕು. ಆ ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಬೆಳೆದ ತಲೆಮಾರು ಅದರ ಪೆಡಲುಗಳ ವಿಷಯವನ್ನು ಕೇಳಲೇ ಇಲ್ಲ.

ಪಾವಗಡದ ಬಿಸಿಲಿನಲ್ಲಿ ಬೆವರು ಹರಿದು ಉಪ್ಪಿನಂಶ ಕಡಮೆಯಾಗುವುದರಿಂದ ಕಾಲು ಹಿಡಿಯುತ್ತದೆ, ಆಸನದ ತಪ್ಪಲ್ಲ, ಎಂದು ವಾದಿಸುವವರಿದ್ದಾರೆ. ಉಪ್ಪಿನ ಕೊರತೆ ಎರಡು ಕಾಲುಗಳಿಗೂ ಸಮವಾಗಿರಬೇಕಲ್ಲವೆ? ಹೆದ್ದಾರಿಯಲ್ಲಿ ಬಂದವನಿಗೆ ಬಲಗಾಲೂ, ಮಧುಗಿರಿಯ ಮಾರ್ಗದಲ್ಲಿ ಗಡಸು ಕ್ಲಚ್ಚನ್ನು ತುಳಿದು ಬಂದವನಿಗೆ ಎಡಗಾಲೂ ಹಿಡಿಯುವುದೇಕೆಂಬುದಕ್ಕೆ ಅವರಲ್ಲಿ ಉತ್ತರವಿಲ್ಲ.

ಇದಕ್ಕಿಂತ ಮೋಹಕವಾದ ಇನ್ನೊಂದು ವಾದವಿದೆ. ಇದನ್ನು ನಾನು ಸುಶಿಕ್ಷಿತರ ಬಾಯಲ್ಲಿಯೇ ಮತ್ತೆ ಮತ್ತೆ ಕೇಳಿದ್ದೇನೆ. ನೆಲದ ಮೇಲೆ ಕೂತು ಉಂಡು, ನೆಲದ ಮೇಲೆ ಕೂತು ಓದಿ ಬೆಳೆದ ನಮ್ಮ ಜನಕ್ಕೆ ತಗ್ಗಾದ ಆಸನ ಪ್ರಕೃತಿಸಿದ್ಧವೆಂದೂ, ಕುರ್ಚಿಗೆ ಒಗ್ಗಿ ಕೆಟ್ಟವರು ಮಾತ್ರ ಗೊಣಗುವರೆಂದೂ ಇದರ ಸಾರ. ಎತ್ತರವೊಂದನ್ನೇ ನೋಡಿ ಭಂಗಿಯನ್ನು ಮರೆತ ವಾದವಿದು. ನಮ್ಮವರು ನೆಲದ ಮೇಲೆ ಕೂರುವುದು ಮಂಡಿಯನ್ನು ಮಡಚಿ. ಚಕ್ಕಳಮಕ್ಕಳ ಹಾಕಿದರೂ, ಕುಕ್ಕರುಗಾಲಿನಲ್ಲಿ ಕುಳಿತರೂ, ಒಂದು ಮಂಡಿಯನ್ನು ಎತ್ತಿ ಇನ್ನೊಂದನ್ನು ಮಡಚಿದರೂ ತೊಡೆಯ ಹಿಂಬದಿಯ ಸ್ನಾಯು ಸಡಿಲವಾಗಿಯೇ ಇರುತ್ತದೆ. ಬೆನ್ನು ನೆಟ್ಟಗೆ ನಿಲ್ಲಿಸಿ ಕಾಲೆರಡನ್ನೂ ಮುಂದಕ್ಕೆ ಚಾಚಿ ಗಂಟೆಗಟ್ಟಲೆ ಕೂರುವ ಪದ್ಧತಿ ನಮ್ಮ ಪಂಕ್ತಿಯಲ್ಲಿಯೂ ಇಲ್ಲ, ಜಗಲಿಯಲ್ಲಿಯೂ ಇಲ್ಲ. ಹಿರಿಯರ ಮುಂದೆ ಕಾಲು ಚಾಚುವುದು ಅವಿನಯವೆಂಬ ಶಿಕ್ಷಣವಂತೂ ಪ್ರತಿ ಮನೆಯಲ್ಲಿಯೂ ನಡೆದಿದೆ. ಯೋಗಾಭ್ಯಾಸದಲ್ಲಿ ಕಾಲು ಚಾಚಿ ಕೂರುವ ದಂಡಾಸನವಿದೆ ನಿಜ. ಆದರೆ ಅದು ಅಲ್ಪಕಾಲದ ಸಾಧನೆ, ವಿಶ್ರಾಂತಿಯ ಕ್ರಮವಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು, ನೆಲದ ಮೇಲೆ ಕೂತವನು ಯಾವ ಭಂಗಿಯಲ್ಲಿಯೂ ನಿಲ್ಲುವುದಿಲ್ಲ. ಕಡಲೆಕಾಯಿ ಬಿಡಿಸುತ್ತಾ ಅಂಗಳದಲ್ಲಿ ಕುಳಿತ ಪಾವಗಡದ ಮುದುಕಿ ಒಂದು ರಾಶಿ ಮುಗಿಯುವುದರೊಳಗೆ ಕಾಲನ್ನು ಎಷ್ಟು ಬಗೆಯಲ್ಲಿ ಬದಲಿಸುತ್ತಾಳೆಂಬುದನ್ನು ನೋಡಿದವನು, ನಮ್ಮ ಜನರ ಆಸನಜ್ಞಾನವಿರುವುದು ಬದಲಾವಣೆಯಲ್ಲಿಯೇ ಎಂಬುದನ್ನು ಒಪ್ಪದಿರಲಾರ. ಇಕ್ಕೆಲದ ದಿಂಡುಗಳ ನಡುವೆ ಬಂಧಿಸಿ ಕೂರಿಸುವ ಆಸನಕ್ಕೆ ನಮ್ಮ ನೆಲದ ಸಂಪ್ರದಾಯವನ್ನು ಸಾಕ್ಷಿಗೆ ಕರೆಯುವುದು ಆ ಸಂಪ್ರದಾಯಕ್ಕೆ ಮಾಡುವ ಅನ್ಯಾಯ.

ಮಿನಿ ಕಾರನ್ನು ರೂಪಿಸಿದ ಅಲೆಕ್ ಇಸಿಗೋನಿಸ್, ಚಾಲಕನಿಗೆ ತುಸು ಅಸೌಖ್ಯವಿದ್ದರೆ ಅವನು ಎಚ್ಚರವಾಗಿರುತ್ತಾನೆಂದು ನಂಬಿದ್ದ. ಅವನ ಹೆಸರನ್ನು ಮುಂದಿಟ್ಟು ನೋವನ್ನು ಸಮರ್ಥಿಸುವವರು, ನೋವು ಎಚ್ಚರವನ್ನು ತನ್ನ ಕಡೆಗೇ ಎಳೆದುಕೊಳ್ಳುವುದೆಂಬ ಸರಳವಾದ ಅನುಭವವನ್ನು ಮರೆಯುತ್ತಾರೆ. ಸೆಳೆತ ಬಂದ ಕಾಲು ಬ್ರೇಕಿಗೆ ತಡವಾಗಿ ಹೋಗುತ್ತದೆ. ಕೊರಟಗೆರೆಯ ಪೇಟೆಬೀದಿಯಲ್ಲಿ ಆ ತಡಕ್ಕೆ ಬೆಲೆ ತೆರುವವನು ಕಾರಿನೊಳಗಿರುವವನಲ್ಲ.

ತಗ್ಗಿನಲ್ಲಿ ಕುಳಿತಾಗ ಕಾರಿನ ಭಾರಕೇಂದ್ರ ಇಳಿಯುವುದು, ತಿರುವಿನಲ್ಲಿ ಅದರ ವಾಲುವಿಕೆ ಸೊಂಟಕ್ಕೇ ತಿಳಿಯುವುದು ಗುಣಗಳೇ. ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಬಲಕ್ಕೋ ಎಡಕ್ಕೋ ಇಟ್ಟುಕೊಂಡು ಬೆಳಗಿನ ತಂಪಿನಲ್ಲಿ ಆ ಸುಖವನ್ನು ಉಂಡವರನ್ನು ನಾನು ಹಳಿಯುವುದಿಲ್ಲ. ಆದರೆ ಆ ಗುಣ ದೊರೆಯುವುದಕ್ಕೆ ಕಾಲು ನೋಯಲೇಬೇಕೆಂಬ ನಿಯಮವಿಲ್ಲ.

ಶಿರಾದ ಬಳಿ ಹೆದ್ದಾರಿಯ ಢಾಬಾಗಳಲ್ಲಿ ಲಾರಿ ನಿಲ್ಲಿಸಿ ಇಳಿಯುವ ಚಾಲಕರನ್ನು ನೋಡಿ: ಮಂಡಿಯನ್ನು ಕುರ್ಚಿಯಲ್ಲಿ ಕುಳಿತಂತೆ ಮಡಚಿ, ಪಾದವನ್ನು ಚಪ್ಪಟೆಯಾಗಿ ಊರಿ ಕೂರುವ ಅವರಿಗೂ ಬೆನ್ನುನೋವಿದೆ, ಬೇರೆ ಕಷ್ಟಗಳೂ ಇವೆ, ಆದರೆ ಚಾಚಿದ ಕಾಲಿನ ಈ ಬಾಧೆ ಅವರದಲ್ಲ. 2014ರವರೆಗೆ ತಯಾರಾದ ಅಂಬಾಸಡರ್ ಕಾರಿನ ಎತ್ತರದ ಆಸನವೂ ಇದೇ ನ್ಯಾಯದ್ದು. ಅದನ್ನು ಮಂಚವೆಂದು ಹಾಸ್ಯ ಮಾಡಿದವರ ಬರಹಗಳಲ್ಲಿ ತೊಡೆಗೆ ಸಿಗುತ್ತಿದ್ದ ಆಧಾರದ ಪ್ರಸ್ತಾಪವೇ ಇಲ್ಲ. ಲಾರಿಯವನಿಗೆ ಆಸನ ಒಗ್ಗದಿದ್ದರೆ ಕುಶನ್ ಕೆಲಸದವನ ಬಳಿಗೆ ಹೋಗುತ್ತಾನೆ. ಅವನು ಮುಂಭಾಗವನ್ನು ಬಿಚ್ಚಿ, ಫೋಮನ್ನು ಎತ್ತರಿಸಿಯೋ ತಗ್ಗಿಸಿಯೋ, ಅಂಚನ್ನು ಉರುಟುಗೊಳಿಸಿ, ಚಾಲಕನನ್ನು ಕೂರಿಸಿ ನೋಡಿ ಹೊಲಿದುಕೊಡುತ್ತಾನೆ. ಇಂದಿನ ಸ್ಪೋರ್ಟ್ಸ್ ಕಾರಿನ ಆಸನದಲ್ಲಿ ಈ ಉಪಾಯಕ್ಕೂ ಎಡೆಯಿಲ್ಲ. ಅದರ ಪಕ್ಕದಲ್ಲಿ ಏರ್‌ಬ್ಯಾಗು, ಅಡಿಯಲ್ಲಿ ಸೆನ್ಸರು ಹುದುಗಿರುವುದರಿಂದ ಕತ್ತರಿಯಿಡುವುದು ಅಪಾಯ. ಆದಕಾರಣ ಮಾಡಬೇಕಾದ್ದನ್ನೆಲ್ಲ ತಯಾರಕನೇ ಮಾಡಿ ಕೊಡಬೇಕು: ಆಸನದ ಮುಂಭಾಗ ಬೇರೆಯಾಗಿ ಏರಿಳಿಯಬೇಕು, ಕಾಲು ಮಡಚಿ ಹತ್ತಿರ ಕೂತರೂ ಎದೆಗೆ ತಾಗದಂತೆ ಸ್ಟಿಯರಿಂಗ್ ಹಿಂದೆ ಮುಂದೆ ಸರಿಯಬೇಕು, ಕ್ಲಚ್ಚಿನ ಪಕ್ಕದಲ್ಲಿ ಎಡಪಾದವನ್ನು ಊರಿಡಲು ಸ್ಥಳವಿರಬೇಕು. ಈ ಮೂರು ಇವೆಯೋ ಇಲ್ಲವೋ ಎಂಬುದನ್ನು ವಿಮರ್ಶಕನಾದವನು ಕೊರಟಗೆರೆಯಿಂದ ಪಾವಗಡದವರೆಗೆ ತಾನೇ ಓಡಿಸಿ ಬಂದು ಬರೆಯಲಿ. ಎಂಜಿನಿನ ಅಶ್ವಶಕ್ತಿಯನ್ನು ತಯಾರಕರು ಹೇಗೂ ಅಚ್ಚುಮಾಡಿ ಹಂಚುತ್ತಾರೆ.